ಜೂನ್ 1ರಂದು ಹುಟ್ಟಿದವರ ಫುಟ್‌ಬಾಲ್

ಒಬ್ಬರು ಹುಮನಾಬಾದಿನಲ್ಲಿ ನಿವೃತ್ತರಾದ ದೈಹಿಕ ಶಿಕ್ಷಕರು. ಇನ್ನೊಬ್ಬಾಕೆ ಅವರ ಹಳೆಯ ವಿದ್ಯಾರ್ಥಿನಿ, ಈಗ ಬಸವಕಲ್ಯಾಣದಲ್ಲಿ ತಾವೇ ಶಿಕ್ಷಕಿ. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಫುಟ್‌ಬಾಲ್ ಆಡಿಸಬೇಕೆಂದು ಹೊರಟವರು. ಮಾತು ನಡೆದದ್ದು ಮಾಸ್ತರ ಮನೆಯ ಪಡಸಾಲೆಯಲ್ಲಿ. ನಡುನಡುವೆ ಚಹಾ ಬಂದದ್ದನ್ನು, ಮಾಸ್ತರ ಮಂಡಿನೋವಿನ ವಿಚಾರವನ್ನು ಬಿಟ್ಟಿದ್ದೇನೆ.

ಆಕೆ: ಸರ್, ಹೆಸರು ಬರಕೊಂಡೀನ್ರಿ. ಅರವತ್ತರ ಮ್ಯಾಲ ಆಗ್ಯಾವ. ಒಂದನೇ ಕ್ಲಾಸಿನವರಿಂದ ಹಿಡಿದು ಒಂಬತ್ತನೇ ಕ್ಲಾಸಿನವರ ತನಕ ಬಂದಾರ. ನೀವು ಒಂದಿನ ಬಂದು, ಯಾರು ಚಲೋ ಆಡ್ತಾರ ನೋಡಿ, ಒಂದು ಟೀಮಿಗೆ ಆಗುವಷ್ಟು ಹುಡುಗರನ್ನ ಆರಿಸಿಕೊಟ್ರ ಸಾಕು. ಮುಂದಿಂದು ನಾ ನೋಡ್ಕೋತೀನಿ.

ಮಾಸ್ತರ: ಉಳಿದವರು?

ಆಕೆ: ಅವರು ನೋಡ್ತಾರ್ರಿ. ನೋಡಿ ಹುರುಪು ಬರ್ತದ.

ಮಾಸ್ತರ: ನೋಡಿದ್ರ ಹುರುಪು ಬರಂಗಿದ್ರ ಟಿ.ವಿ. ಮುಂದ ಕೂತ ಮಕ್ಕಳೆಲ್ಲ ಇಷ್ಟೊತ್ತಿಗೆ ಆಟಗಾರರಾಗಿರ್ತಿದ್ರು. ನೋಡು ತಂಗಿ, ಆರಿಸೋ ಕೆಲಸ ಇಲಾಖೆ ಮಾಡೇ ಮಾಡ್ತದ. ವಲಯ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ವಿಭಾಗ, ರಾಜ್ಯ. ಮಳೆಗಾಲ ಬಂತಂದ್ರ ಪಿ.ಟಿ. ಮಾಸ್ತರಿಗೆ ಒಂದೇ ಚಿಂತಿ, ಟೀಮ್ ಕಟ್ಟಬೇಕು, ತಾಲ್ಲೂಕಿಗೆ ಹೋಗಬೇಕು. ಕಬಡ್ಡಿ, ಖೋಖೋ, ವಾಲಿಬಾಲ್ ಮೂರಕ್ಕೂ ಅದೇ ನಾಕು ಉದ್ದನ್ನ ಹುಡುಗರು. ಶಾಲಿ ತುಂಬ ಮಕ್ಕಳು, ಮೈದಾನದಾಗ ಇಪ್ಪತ್ತು ಮಂದಿ. ಜರಡಿ ಹಿಡಿಯೋ ಕೆಲಸ ಅದು. ಅದೂ ಬೇಕು, ಬ್ಯಾಡ ಅನ್ನಂಗಿಲ್ಲ. ಆದ್ರ ರಜಾದಾಗೂ ನೀ ಅದೇ ಜರಡಿ ಹಿಡಕೊಂಡು ನಿಂತ್ರ ನನ್ನ ಯಾಕ ಕರೀತಿ? ತಾಲ್ಲೂಕು ಕಚೇರಿಯವರನ್ನ ಕರಿ.

ಆಕೆ: ಸಿಟ್ಟಿಗೆ ಬರಬ್ಯಾಡ್ರಿ. ಅರವತ್ತು ಮಂದಿಗೆ ಮೈದಾನ ಒಂದು, ಬಾಲ್ ಎರಡು. ಎಲ್ಲರನ್ನೂ ಹೆಂಗ ಆಡಸ್ಲಿ?

ಮಾಸ್ತರ: ಅಳತಿ ಹಾಕಿ ನೋಡೇನು? ದೊಡ್ಡವರ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಅದರಾಗ ಇಪ್ಪತ್ತೆರಡು ಮಂದಿ, ಒಂದು ಬಾಲ್. ಏಳು ವರ್ಷದ ಹುಡುಗನ್ನ ಅಲ್ಲಿ ಬಿಟ್ಟಿ ಅಂದ್ಕೋ. ಬಾಲ್ ಆ ತುದಿಗೆ ಹೋತಂದ್ರ ಅದು ವಾಪಸ್ ಬರೋದ್ರಾಗ ಅವ ಕೂತು ಮಣ್ಣಾಗ ಮನಿ ಕಟ್ಟಿರ್ತಾನ. ಗೋಲು ನೋಡು: 24 ಫೂಟ್ ಅಗಲ, 8 ಫೂಟ್ ಎತ್ತರ. ಒಳಗ ನಿಂತ ಕೀಪರ್ 4 ಫೂಟ್. ಅವನ ತಲಿ ಮ್ಯಾಲಿಂದ ಹೋದದ್ದೆಲ್ಲ ಗೋಲ್. ಅವ ಅಳ್ತಾನ, ಉಳಿದವರು ಅವನಿಗೇ ಬೈತಾರ. ಇನ್ನ ಬಾಲು. ಅಂಗಡಿಯವರು ಕೊಡೋದು ಐದನೇ ನಂಬರ್, ಸುತ್ತಳತಿ 68ರಿಂದ 70 ಸೆಂಟಿಮೀಟರ್, ತೂಕ 410 ಗ್ರಾಂ ಮ್ಯಾಲ. ಸಣ್ಣ ಕಾಲಿಗೆ ಅದು ಕಲ್ಲು ಇದ್ದಂಗ. ಎಂಟು ವರ್ಷದ ಒಳಗಿನವರಿಗೆ ಮೂರನೇ ನಂಬರ್, ಹನ್ನೆರಡರ ತನಕ ನಾಕನೇ ನಂಬರ್, ಆಮ್ಯಾಲ ಐದು.

ಆಕೆ: ಮೂರನೇ ನಂಬರ್ ಇಲ್ಲಿ ಸಿಗ್ತದೇನ್ರಿ?

ಮಾಸ್ತರ: ಕೇಳಿದ್ರ ತರಿಸಿಕೊಡ್ತಾರ. ಯಾರೂ ಕೇಳಂಗಿಲ್ಲ, ಅದಕ್ಕ ಇಡಂಗಿಲ್ಲ. ಈಗ ಅದೇ ದೊಡ್ಡ ಮೈದಾನಕ್ಕ ಸುಣ್ಣದ ಪುಡಿ ಹಾಕಿ ಸಣ್ಣ ಸಣ್ಣ ಮಡಿ ಮಾಡು. 30 ಮೀಟರ್ ಉದ್ದ, 20 ಮೀಟರ್ ಅಗಲ. ನಡುವ ಓಡಾಡ್ಲಿಕ್ಕ ಜಾಗ ಬಿಟ್ರೂ ಎಂಟು ಆರಾಮ್ ಕೂಡ್ತಾವ. ಒಂದೊಂದ್ರಾಗ ನಾಕು ಮಂದಿ ಆ ಕಡಿ, ನಾಕು ಮಂದಿ ಈ ಕಡಿ. ಎಂಟು ಎಂಟ್ಲೆ?

ಆಕೆ: ಅರವತ್ತನಾಕು.

ಮಾಸ್ತರ: ನಿನ್ನ ಹೆಸರೆಲ್ಲ ಮುಗೀತು. ಯಾರೂ ಹೊರಗ ಕೂಡಂಗಿಲ್ಲ. ಗೋಲಿಗೆ ಎರಡೆರಡು ಇಟ್ಟಂಗಿ, ಇಲ್ಲಾ ಚಪ್ಪಲಿ ಜೋಡು. ಕೀಪರ್ ಬೇಕಿಲ್ಲ. ನಾಕ್ನಾಕು ಮಂದಿ ಆಡಿದ್ರ ಕಾಲಿಗೆ ಬಾಲ್ ಹತ್ತದ ಮಗು ಇರಂಗಿಲ್ಲ. ಹನ್ನೊಂದ್ಹನ್ನೊಂದು ಮಂದಿ ಆಡಿದ್ರ ಅಂಜುಬುರುಕ ಮಗು ಬಾಲ್ ಮುಟ್ಟದೇನೇ ಮನಿಗೆ ಹೋಗ್ತದ, ಹೋಗಿ ಅವ್ವನ ಮುಂದ ಆಡಿಬಂದೆ ಅಂತದ.

ಆಕೆ: ಇದು ನಿಮ್ಮ ಸ್ವಂತ ತಲಿ ಏನು ಸರ್, ಎಲ್ಲರೆ ಹಿಂಗ ಮಾಡ್ತಾರೋ?

ಮಾಸ್ತರ: ಎಲ್ಲಾ ಕಡಿ ಮಾಡ್ತಾರ. ಫಿಫಾದವರು ಮಕ್ಕಳನ್ನ 6ರಿಂದ 8, 8ರಿಂದ 10, 10ರಿಂದ 12 ಅಂತ ಮೂರು ಗುಂಪು ಮಾಡ್ಯಾರ. ಇಂಗ್ಲೆಂಡಿನಾಗ ಒಂಬತ್ತು-ಹತ್ತು ವರ್ಷದವರು ಏಳು ಏಳು ಮಂದಿ ಆಡ್ತಾರ, ಹನ್ನೊಂದು-ಹನ್ನೆರಡರವರು ಒಂಬತ್ತೊಂಬತ್ತು. ಪೂರಾ ಹನ್ನೊಂದು ಮಂದಿ ಆಟ ಆಮ್ಯಾಲ. ನಮ್ಮ ದೇಶದ ಫುಟ್‌ಬಾಲ್ ಫೆಡರೇಷನ್ ಬಿ 2018ರಾಗ ಗೋಲ್ಡನ್ ಬೇಬಿ ಲೀಗ್ ಅಂತ ಸುರು ಮಾಡ್ತು, ಹುಡುಗ ಹುಡುಗಿ ಕೂಡೇ ಆಡಬೇಕು ಅಂತ. ಈಗ ಹೆಸರು ಬದಲಿ ಮಾಡಿ ಬ್ಲೂ ಕಬ್ಸ್ ಅಂತಾರ. ಮಿಜೋರಾಂ ಕಡಿ ಅದನ್ನ ಮನಸಿಟ್ಟು ಮಾಡಿದ್ರು. ನಮ್ಮ ಹುಮನಾಬಾದ್ ತನಕ ಅದರ ಸುದ್ದಿ ಬಂದಿಲ್ಲ ಅಷ್ಟೇ.

ಆಕೆ: ಸರಿ, ಒಂದನೇ ಕ್ಲಾಸಿನವರಿಗೆ ಏನ್ ಕಲಸ್ಲಿ? ಹೋದ ವಾರ ಸುಮ್ಮ ಬಿಟ್ಟು ನೋಡಿದೆ. ಎಲ್ಲರೂ ಬಾಲ್ ಸುತ್ತ ಮುಗಿಬಿದ್ದು ಒಬ್ಬರ ಕಾಲು ಒಬ್ಬರು ಒದೀಲಕತ್ತಿದ್ರು. ಪಾಸ್ ಮಾಡ್ರೋ ಅಂತ ಒದರಿ ಒದರಿ ನನ್ನ ಗಂಟಲು ಬಿತ್ತು.

ಮಾಸ್ತರ: ಆರು ವರ್ಷದ ಕೂಸು ಪಾಸ್ ಯಾಕ ಮಾಡ್ತದವ್ವಾ? ಈಗ ತಾನೇ ಕೈಗೆ ಸಿಕ್ಕದ್ದು, ಅಲ್ಲ, ಕಾಲಿಗೆ ಸಿಕ್ಕದ್ದು! ಆ ವಯಸ್ಸಿನಾಗ ನಾನು, ನನ್ನ ಬಾಲು, ಎರಡೇ ಇರ್ತಾವ. ಅವರಿಗೆ ಒಬ್ಬೊಬ್ಬರಿಗೆ ಒಂದೊಂದು ಬಾಲ್ ಬೇಕು. ಫುಟ್‌ಬಾಲೇ ಆಗಬೇಕಂತಿಲ್ಲ, ಜಾತ್ರಿದಾಗ ಸಿಗೋ ಪ್ಲಾಸ್ಟಿಕ್ ಬಾಲ್ ಆದ್ರೂ ನಡೀತದ. ಒದ್ಕೊಂತ ಹೋಗಿ ಬೇವಿನ ಗಿಡ ಮುಟ್ಟಿ ಬಾ. ಎರಡು ಚಪ್ಪಲಿ ನಡುವಿಂದ ದಾಟಸು. ನಾ 'ನಿಲ್ಲು' ಅಂದಾಗ ಬಾಲ್ ಮ್ಯಾಲ ಅಂಗಾಲು ಇಟ್ಟು ನಿಲ್ಲು. ಅರ್ಧಾ ತಾಸು ಆಡಿಸಿ ಬಿಟ್ಟುಬಿಡು. ಅವರಿಗೆ ಸಾಲು ಹಚ್ಚಿಸಿ ಪಾಳಿ ಕಾಯಿಸಬ್ಯಾಡ. ಸಾಲಿನಾಗ ನಿಂತ ಹುಡುಗ ಮುಂದಿನವನ ಅಂಗಿ ಜಗ್ತಾನ, ನೀ ಅವನ ಕಿವಿ ಹಿಂಡ್ತಿ, ಅಲ್ಲಿಗೆ ಫುಟ್‌ಬಾಲ್ ಮುಗೀತು.

ಆಕೆ: ಎಂಟು-ಒಂಬತ್ತು ವರ್ಷದವರು?

ಮಾಸ್ತರ: ಅಲ್ಲಿ ಗೆಳೆಯ ಹುಟ್ತಾನ. ಇಬ್ಬಿಬ್ಬರ ಆಟ ಕೊಡು, ಪಾಸ್ ತಾನೇ ಬರ್ತದ. ಹತ್ತು-ಹನ್ನೆರಡರ ಮಕ್ಕಳಿದ್ದಾರಲ್ಲ, ಅವರೇ ಬಂಗಾರ. ಹೇಳಿದ್ದು ತಿಳೀತದ, ಮೈ ಹಗುರ ಇರ್ತದ, ತೋರಿಸಿದ್ದನ್ನ ಎರಡು ದಿನದಾಗ ಹಿಡೀತಾರ. ಕಲಿಸೋದೇನಿದ್ರೂ ಅಲ್ಲಿ ಕಲಸು. ಒಂದು ಮಾತ್ರ ನೆನಪಿಡು, ಸಣ್ಣವರಿಗೆ ತಲಿಯಿಂದ ಹೊಡೆಯೋದು ಬ್ಯಾಡ. ಅಮೆರಿಕಾದಾಗ ಹತ್ತು ವರ್ಷ ಮತ್ತ ಅದಕ್ಕಿಂತ ಸಣ್ಣವರಿಗೆ ಹೆಡಿಂಗ್ ಪೂರಾ ಬಂದ್ ಮಾಡ್ಯಾರ. ಸ್ಕಾಟ್ಲೆಂಡಿನಾಗ 2020ರಿಂದ ಹನ್ನೆರಡರ ಒಳಗಿನವರ ಟ್ರೇನಿಂಗಿನಾಗೇ ಇಲ್ಲ.

ಆಕೆ: ಇಲ್ಲೇ ನಂಗ ತೊಡಕು, ಸರ್. ಹತ್ತು ವರ್ಷ, ಹನ್ನೆರಡು ವರ್ಷ ಅಂತ ನೀವು ಗೆರಿ ಎಳೀತೀರಿ. ನಮ್ಮ ಕಡಿ ಯಾರ ವಯಸ್ಸು ಎಷ್ಟು ಅಂತ ಯಾರಿಗೆ ಗೊತ್ತದ? ದಾಖಲಾತಿ ರಜಿಸ್ಟರ್ ತಗದು ನೋಡಿದ್ರ, ಹಳೇ ಪುಟದಾಗ ಅರ್ಧ ಊರು ಜೂನ್ 1ಕ್ಕ ಹುಟ್ಟದ.

ಮಾಸ್ತರ: (ನಗುತ್ತಾ) ನಂದೂ ಜೂನ್ 1. ನಮ್ಮವ್ವ ಹೇಳ್ತಿದ್ಳು, ತೊಗರಿ ರಾಶಿ ಕಾಲದಾಗ ಹುಟ್ಟಿದಿ ಅಂತ. ತೊಗರಿ ರಾಶಿ ಜೂನ್‌ನಾಗ ಎಲ್ಲಿಂದ ಬರ್ಬೇಕು! ಶಾಲಿ ಸುರು ಆಗೋ ದಿನಕ್ಕ ಆರು ತುಂಬಬೇಕು ಅಂತ ಹೆಡ್ ಮಾಸ್ತರು ಲೆಕ್ಕ ಹಾಕಿ ಬರದ್ರು. ನಿವೃತ್ತಿನೂ ಅದೇ ಲೆಕ್ಕದಾಗ ಆತು. ಮೇ 31ಕ್ಕ ಕರ್ನಾಟಕದಾಗ ಎಷ್ಟು ಮಾಸ್ತರು ಹಾರ ಹಾಕಿಸಿಕೊಂಡು ಮನಿಗೆ ಹೋಗ್ತಾರ ನೋಡು, ಎಲ್ಲಾ ನಮ್ಮ ಜೊತಿಗೆ ಹುಟ್ಟಿದವರೇ.

ಆಕೆ: ಈಗಿನ ಮಕ್ಕಳು ಆಸ್ಪತ್ರಿದಾಗ ಹುಟ್ತಾವ, ಜನನ ಪತ್ರ ಇರ್ತದ. ಆದ್ರ ಪತ್ರ ಇದ್ರೂ ಟೂರ್ನಮೆಂಟ್ ಬಂದಾಗ ಹದಿನಾಕರ ಒಳಗಿನ ಟೀಮಿನಾಗ ಮೀಸಿ ಬಂದ ಹುಡುಗರು ನಿಂತಿರ್ತಾರ.

ಮಾಸ್ತರ: ಅದಕ್ಕೇ ಫೆಡರೇಷನ್ನಿನವರು ಎಡಗೈ ಮಣಿಕಟ್ಟಿನ ಎಕ್ಸ್-ರೇ ತಗದು, ಎಲುಬು ಎಷ್ಟು ಕೂಡ್ಯಾವ ಅಂತ ನೋಡಿ ವಯಸ್ಸು ಅಂದಾಜು ಮಾಡ್ತಾರ. ನಿನ್ನ ಶಿಬಿರಕ್ಕ ಎಕ್ಸ್-ರೇ ಬ್ಯಾಡ. ಒಂದು ಮಾತು ತಿಳ್ಕೊ: ತಾರೀಖು ಖರೇ ಇದ್ರೂ ತೊಡಕು ಹೋಗಂಗಿಲ್ಲ. ಜನವರಿದಾಗ ಹುಟ್ಟಿದವ, ಡಿಸೆಂಬರ್‌ದಾಗ ಹುಟ್ಟಿದವ ಇಬ್ಬರೂ ಒಂದೇ ಗುಂಪಿನಾಗ ಬರ್ತಾರ. ನನಗ ನಿನಗ ಹನ್ನೊಂದು ತಿಂಗಳು ಅಂದ್ರ ಏನೂ ಅಲ್ಲ. ಆರು ವರ್ಷದ ಕೂಸಿಗೆ ಅದು ಆಯುಷ್ಯದ ಆರನೇ ಒಂದು ಪಾಲು. ದೊಡ್ಡ ದೊಡ್ಡ ದೇಶದ ಅಕಾಡೆಮಿಗಳಾಗ ಹುಡುಕಿದ್ರ ವರ್ಷದ ಮೊದಲ ಮೂರು ತಿಂಗಳಾಗ ಹುಟ್ಟಿದವರೇ ಜಾಸ್ತಿ ಸಿಗ್ತಾರ, ಕಡೀ ತಿಂಗಳಿನವರು ಕಡಿಮಿ. ಆಟ ಬರ್ತದ ಅಂತ ಆರಿಸ್ಯಾರೋ, ಎತ್ತರ ಅದ ಅಂತ ಆರಿಸ್ಯಾರೋ?

ಆಕೆ: ಮತ್ತ ಗುಂಪು ಮಾಡೋದು ಹೆಂಗ?

ಮಾಸ್ತರ: ರಹೀಂ ಸಾಹೇಬರು ಮಾಡಿದಂಗ.

ಆಕೆ: ಯಾವ ರಹೀಂ ಸಾಹೇಬ್ರು? ಆ ಸಿನಿಮಾದವರಾ?

ಮಾಸ್ತರ: 'ಮೈದಾನ್' ಸಿನಿಮಾದಾಗ ತೋರಿಸ್ಯಾರಲ್ಲ, ಅವರೇ. ಸೈಯದ್ ಅಬ್ದುಲ್ ರಹೀಂ, ಭಾರತ ಟೀಮಿನ ಕೋಚ್ ಆಗಿದ್ದವರು. ಹೈದ್ರಾಬಾದಿನವರು, ಅಂದ್ರ ನಮ್ಮವರೇ. ಬೀದರ ಜಿಲ್ಲಾ 1956ರ ನವೆಂಬರ್ 1ರ ತನಕ ಹೈದ್ರಾಬಾದ್ ರಾಜ್ಯದಾಗೇ ಇತ್ತು. ಅದೇ ನವೆಂಬರ್ ಕಡೀಕ ಮೆಲ್ಬೋರ್ನ್ ಒಲಿಂಪಿಕ್ಸ್ ಫುಟ್‌ಬಾಲ್ ಸುರು ಆತು. ಡಿಸೆಂಬರ್ 1ಕ್ಕ ಭಾರತ ಆಸ್ಟ್ರೇಲಿಯಾಕ್ಕ 4-2ರಿಂದ ಸೋಲಿಸ್ತು, ನೆವಿಲ್ ಡಿಸೋಜಾ ಮೂರು ಗೋಲ್ ಹೊಡೆದ. ಸೆಮಿಫೈನಲ್‌ಗೆ ಹೋಗಿ ನಾಕನೇ ಜಾಗಾ ಬಂತು. ಆ ಟೀಮಿನಾಗ ಹೈದ್ರಾಬಾದಿನ ಹುಡುಗರು ಹಲವರು. 1951ರಾಗ ದಿಲ್ಲಿ, 1962ರಾಗ ಜಕಾರ್ತಾ, ಎರಡೂ ಏಷ್ಯನ್ ಗೇಮ್ಸ್ ಬಂಗಾರ ರಹೀಂ ಸಾಹೇಬರ ಕೈಯಾಗೇ ಬಂದದ್ದು. ಹೈದ್ರಾಬಾದ್ ಸಿಟಿ ಪೊಲೀಸ್ ಟೀಮು ಮುಂಬೈಯ ರೋವರ್ಸ್ ಕಪ್ಪು 1950ರಿಂದ 54ರ ತನಕ ಸತತ ಐದು ವರ್ಷ ಹೊಡಕೊಂಡು ಬಂತು. ಅದೂ ಅವರ ಕೈಕೆಳಗಿನದೇ. ನಮ್ಮೂರ ಮುಂದಿನ ಹೆದ್ದಾರಿ ಪೂರ್ವಕ್ಕ ಹೋದ್ರ ಹೈದ್ರಾಬಾದು, ಪಶ್ಚಿಮಕ್ಕ ಹೋದ್ರ ಪುಣಾ. ಆದ್ರೂ ನಮ್ಮ ಮಕ್ಕಳಿಗೆ ಮೆಸ್ಸಿ ಗೊತ್ತು, ರಹೀಂ ಸಾಹೇಬರು ಗೊತ್ತಿಲ್ಲ.

ಆಕೆ: ಗುಂಪಿನ ಮಾತಿಗೆ ಬರ್ರಿ, ಸರ್.

ಮಾಸ್ತರ: ಬಂದೆ. ಅವರು ಮೊದಲ ಶಾಲಿ ಮಾಸ್ತರು, ತಿಳೀತೇನು? ಕಾಚಿಗುಡಾ, ಚಾದರ್‌ಘಾಟ್ ಶಾಲಿಗಳಾಗ ಪಾಠ ಹೇಳಿದವರು, ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿದವರು. ಹೈದ್ರಾಬಾದಿನಾಗ ಅವರು ಎಂಥಾ ಟೂರ್ನಮೆಂಟ್ ಇಟ್ಟಿದ್ರು ಗೊತ್ತಾ? ಎತ್ತರ ಕಡಿಮಿ ಇದ್ದವರದೇ ಒಂದು. ಬಾಲ್ ಕಾಲಾಗ ಇಟ್ಕೊಂಡು ಓಡಂಗಿಲ್ಲ, ಬಂದ ಕೂಡ್ಲೇ ಕೊಡಬೇಕು, ಡ್ರಿಬ್ಲಿಂಗೇ ಇಲ್ಲ ಅನ್ನೋದು ಇನ್ನೊಂದು. ಯಾವ ಕಾಲು ಸೋತಿರ್ತದೋ ಆ ಕಾಲಿನಿಂದ ಅಷ್ಟೇ ಆಡಬೇಕು ಅನ್ನೋದು ಮತ್ತೊಂದು. ವಿಚಾರ ಮಾಡಿ ನೋಡು. ಕುಳ್ಳ ಹುಡುಗನಿಗೆ ಅವತ್ತು ಮೈದಾನ ಸಿಗ್ತದ. ಬಲಗಾಲಿನ ಶಾಣ್ಯಾ ಅವತ್ತು ಎಡಗಾಲಿನಾಗ ಎಲ್ಲರಂಗೇ ಎಡವ್ತಾನ. ಒಬ್ಬನೇ ಆಡೋ ಹೀರೋ ಅವತ್ತು ಗೆಳೆಯನ ಮುಖ ನೋಡಲೇಬೇಕು. ಕಾನೂನು ಜರಾ ಬದಲಿ ಮಾಡಿದ್ರ ಯಾರು ಮುಂದ, ಯಾರು ಹಿಂದ ಅನ್ನೋದು ತಿರುವುಮುರುವು ಆಗ್ತದ. ಇಂಗ್ಲೆಂಡಿನ ದೊಡ್ಡ ಕ್ಲಬ್ಬಿನವರು ಈಗ ಹತ್ತು ವರ್ಷದ ಈಚಿಗೆ ವಯಸ್ಸು ಬಿಟ್ಟು ಮೈ ಬೆಳವಣಿಗಿ ನೋಡಿ ಗುಂಪು ಮಾಡಿ ಆಡಿಸಿ ನೋಡ್ಲಕತ್ತಾರ. ಹೊಸಾದೇನೋ ಕಂಡುಹಿಡಿದಂಗ ಬರೀತಾರ. ಚಾರ್‌ಮಿನಾರ್ ಕಡಿಯವರು ಕೇಳಿದ್ರ ನಗ್ತಾರ.

ಆಕೆ: ಅಂದ್ರ ನಾನೂ ಎತ್ತರ ಅಳೀಬೇಕು.

ಮಾಸ್ತರ: ಗ್ವಾಡಿಗೆ ಸೀಮೆಸುಣ್ಣದಾಗ ಎರಡು ಗೆರಿ ಹಾಕು, ಸಾಕು. ಕೆಳಗಿನ ಗೆರಿಯೊಳಗ ಬಂದವರು ಒಂದು ಗುಂಪು, ನಡುವಿನವರು ಒಂದು, ಮ್ಯಾಲಿನವರು ಒಂದು. ಆಮ್ಯಾಲ ಸ್ವಭಾವ ನೋಡಿ ಅದಲುಬದಲು ಮಾಡು. ಎತ್ತರ ಇದ್ದೂ ಅಂಜೋ ಹುಡುಗ ಇರ್ತಾನ; ಗಿಡ್ಡ ಇದ್ದೂ ಮೂರು ಮಂದಿನ್ನ ಕೆಡವೋ ಹುಡುಗಿ ಇರ್ತಾಳ. ನಮ್ಮ ಜಿಲ್ಲಾದಾಗ ಈ ಗೆರಿ ಇನ್ನೂ ಬೇಕು. 2021ರ ಡಿಸೆಂಬರ್‌ದಾಗ ಶಾಲಿದಾಗ ಮೊಟ್ಟಿ, ಬಾಳಿಹಣ್ಣು ಕೊಡೋದು ರಾಜ್ಯದಾಗ ಮೊದಲ ಸುರು ಮಾಡಿದ್ದು ಯಾವ ಜಿಲ್ಲಾಗಳಾಗ? ಬೀದರ ಅದರಾಗ ಇತ್ತು. ಯಾಕಿತ್ತು ಅಂತ ನಿನಗ ಹೇಳೋದು ಬ್ಯಾಡ, ಮಕ್ಕಳ ತೂಕ ಹಾಕಿದಾಕಿ ನೀನೇ. ಒಂದೇ ಕ್ಲಾಸಿನಾಗ ಒಬ್ಬ ಗೇಣು ಮ್ಯಾಲ ಇರ್ತಾನ, ಇನ್ನೊಬ್ಬ ಅವನ ಭುಜಕ್ಕ ಬರ್ತಾನ.

ಆಕೆ: ಇದು ನಾ ಒಪ್ತೀನಿ. ಇನ್ನೊಂದು ಮಾತು ಒಪ್ಪಂಗಿಲ್ಲ, ನೀವು ಇನ್ನೂ ಹೇಳಿಲ್ಲ, ಆದ್ರ ಹೇಳ್ತೀರಂತ ಗೊತ್ತು. ಸ್ಕೋರ್ ಇಡಬ್ಯಾಡ, ಗೆದ್ದವರು ಸೋತವರು ಅನ್ನಬ್ಯಾಡ.

ಮಾಸ್ತರ: ಹೇಳಾವನಿದ್ದೆ.

ಆಕೆ: ನಡಿಯಂಗಿಲ್ರಿ. ನಮ್ಮ ತಮ್ಮ ಟೆಕ್ಸಾಸಿನಾಗ ಇದ್ದಾನಲ್ಲ, ಅವನ ಮಗ ಶನಿವಾರ ಶನಿವಾರ ಸಾಕರ್ ಆಡ್ಲಿಕ್ಕ ಹೋಗ್ತಾನ. ಅಲ್ಲಿ ಅದಕ್ಕ ರಿಕ್ರಿಯೇಷನಲ್ ಲೀಗ್ ಅಂತಾರ. ದುಡ್ಡು ಕಟ್ಟಿ ಹೆಸರು ಹಚ್ಚಿದ್ರಾತು, ಆರಿಸೋದಿಲ್ಲ. ಕೋಚ್ ಅಂದ್ರ ಯಾರದೋ ಅಪ್ಪ. ಸ್ಕೋರ್ ಬರಿಯಂಗಿಲ್ಲ. ಆಟ ಮುಗಿದ ಮ್ಯಾಲ ಪಾಳಿ ಮ್ಯಾಲ ಒಬ್ಬರ ಮನಿಯವರು ತಿಂಡಿ ತರಬೇಕು. ನಮ್ಮ ತಮ್ಮನ ಹೆಂಡತಿ ತನ್ನ ಪಾಳಿ ಬಂದಾಗ ಶೇಂಗಾ ಚಿಕ್ಕಿ ಒಯ್ದಿದ್ಳಂತ. ಯಾವುದೋ ಮಗುವಿಗೆ ಶೇಂಗಾ ಆಗಂಗಿಲ್ಲ ಅಂತ ಪೂರಾ ಡಬ್ಬಿ ವಾಪಸ್ ಬಂತು. ಅದಿರ್ಲಿ. ಸ್ಕೋರ್ ಬರಿಯಂಗಿಲ್ಲ ಅಂದ್ರಲ್ಲ, ಕಾರ್ ಹತ್ತಿದ ಕೂಡ್ಲೇ ಆ ಹುಡುಗ ಹೇಳೋದೇನು? 'ಅಪ್ಪಾ, ನಾವು ಐದು, ಅವರು ಮೂರು.' ಮಕ್ಕಳು ಎಣಿಸ್ತಾರ, ಸರ್. ಎಣಿಸೇ ಎಣಿಸ್ತಾರ.

ಮಾಸ್ತರ: ಎಣಿಸ್ಲಿ. ಯಾರು ಬ್ಯಾಡ ಅಂತಾರ? ಗೋಲಿ ಆಡುವಾಗ ನಾವೂ ಎಣಸ್ತಿದ್ವಿ, ಸಂಜಿಕ ಮರೀತಿದ್ವಿ. ಅವರು ಎಣಿಸ್ಲಿ, ನೀ ಬರೀಬ್ಯಾಡ. ಬೋರ್ಡ್ ಮ್ಯಾಲ ಹಚ್ಚಬ್ಯಾಡ. ಪಾಯಿಂಟ್ ಪಟ್ಟಿ ಮಾಡಿ ವಾಟ್ಸಾಪಿಗೆ ಹಾಕಬ್ಯಾಡ. ನಾರ್ವೆ ದೇಶದಾಗ ಮಕ್ಕಳ ಆಟಕ್ಕಂತ ಕಾನೂನೇ ಮಾಡ್ಯಾರ: ಹನ್ನೊಂದು ತುಂಬೋ ವರ್ಷದ ತನಕ ಪಟ್ಟಿ, ರ‍್ಯಾಂಕು ಯಾವುದೂ ಇಲ್ಲ. ಹಂಗಂತ ಅಲ್ಲಿ ಆಟಗಾರರು ಹುಟ್ಟಲಿಲ್ಲೇನು? ಹಾಲಂಡ್ ಅಲ್ಲಿಯವನೇ. ಬ್ರೂನೆ ಅನ್ನೋ ಸಣ್ಣ ಊರಿನಾಗ, ಯಾರನ್ನೂ ಹೊರಗ ಹಾಕದ ಒಂದು ದೊಡ್ಡ ಗುಂಪಿನಾಗ ಆಡಿ ಬೆಳದ. ನಿನ್ನ ತಮ್ಮನ ದೇಶದ್ದು ಇನ್ನೊಂದು ಚಲೋ ಅದ. 1964ರಾಗ ಕ್ಯಾಲಿಫೋರ್ನಿಯಾದ ಟಾರೆನ್ಸ್ ಅನ್ನೋ ಊರಿನಾಗ ಎಯ್ಸೊ ಅನ್ನೋ ಮಕ್ಕಳ ಸಾಕರ್ ಸಂಸ್ಥಾ ಸುರು ಆತು. ಅವರದು ಮೊದಲ ಕಾನೂನು, ಎಲ್ಲರೂ ಆಡಬೇಕು. ಮಾತಿಗಲ್ಲ, ಪ್ರತಿ ಮ್ಯಾಚಿನಾಗ ಪ್ರತಿ ಮಗು ಕಡಿಮಿ ಅಂದ್ರೂ ಅರ್ಧಾ ಹೊತ್ತು ಮೈದಾನದಾಗ ಇರಬೇಕು. ಶಾಣ್ಯಾರೆಲ್ಲ ಒಂದೇ ಟೀಮಿನಾಗ ಕೂಡಂಗಿಲ್ಲ, ವರ್ಷಾ ವರ್ಷಾ ಹೊಸದಾಗಿ ಸರಿಸಮ ಹಂಚಬೇಕು. ಇಷ್ಟು ನಮ್ಮ ಕಡಿ ತಂದ್ರ ಸಾಕು. ತಿಂಡಿ ಪಾಳಿ ಬ್ಯಾಡ.

ಆಕೆ: ಅಲ್ಲೂ ಎಲ್ಲಾ ಬೆಳ್ಳಗಿಲ್ಲ. ಹತ್ತು ವರ್ಷ ಆತಂದ್ರ ಶಾಣ್ಯಾ ಮಕ್ಕಳನ್ನ ಟ್ರಾವೆಲ್ ಟೀಮ್ ಅಂತ ಬ್ಯಾರೇ ತಗೋತಾರಂತ. ಸಾವಿರಾರು ಡಾಲರ್. ಮನಿ ಮಂದೆಲ್ಲ ವೀಕೆಂಡಿಗೆ ಕಾರಿನಾಗೇ ಇರ್ತಾರ.

ಮಾಸ್ತರ: ಅಲ್ಲಿ ರೊಕ್ಕ ಆರಿಸ್ತದ, ಇಲ್ಲಿ ಎತ್ತರ ಆರಿಸ್ತದ.

ಆಕೆ: ನಮ್ಮ ಅಪ್ಪಂದಿರು ಕೇಳೋದೇ ಬ್ಯಾರೆ. ಸರ್ಟಿಫಿಕೇಟ್ ಕೊಡ್ತೀರೇನ್ರಿ ಮೇಡಂ? ಸಿಇಟಿಗೆ ಸ್ಪೋರ್ಟ್ಸ್ ಕೋಟಾ ಆಗ್ತದೇನ್ರಿ? ಕೇಳಿದವರ ಮಗ ಎರಡನೇ ಕ್ಲಾಸು!

ಮಾಸ್ತರ: ಆಗಂಗಿಲ್ಲ ಅಂತ ಮೊದಲ ದಿನವೇ ಹೇಳಿಬಿಡು. ಹೋಗೋರು ಹೋಗ್ಲಿ. ಉಳಿದವರಿಗೆ ಹೇಳು, ಲೈನ್ ಮ್ಯಾಲ ನಿಂತು ಕೂಗಬ್ಯಾಡ್ರಿ. ನಮ್ಮ ಕಡಿ ಇದು ದೊಡ್ಡ ಫಜೀತಿ. ಒಬ್ಬ 'ಒದೀ ಒದೀ' ಅಂತಾನ, ಇನ್ನೊಬ್ಬ ಮರಾಠಿದಾಗ, ಮತ್ತೊಬ್ಬ ಉರ್ದುದಾಗ. ಹುಡುಗ ನಡುವ ನಿಂತು ಅಪ್ಪನ ಮಾರಿ ನೋಡ್ತಾನ, ಬಾಲ್ ಹಾದುಹೋಗ್ತದ. ಚಪ್ಪಾಳಿ ಹೊಡೀಲಿ ಬೇಕಾದ್ರ. ಇಲ್ಲಾ ಅವರ ಕೈಗೂ ಒಂದು ಬಾಲ್ ಕೊಟ್ಟು ಆ ಮೂಲ್ಯಾಗ ಆಡಿಸು. ಎರಡು ನಿಮಿಷಕ್ಕ ಉಬ್ಬಸ ಹತ್ತಿ ಸುಮ್ಮನಾಗ್ತಾರ.

ಆಕೆ: ಹೆಣ್ಣುಮಕ್ಕಳ ವಿಚಾರ. ಹೆಸರು ಬರೆಸಿದವರಾಗ ಹುಡುಗ್ಯಾರು ಬಹಳಿಲ್ಲ, ಇದ್ದವರೆಲ್ಲ ಐದನೇ ಕ್ಲಾಸಿನ ಒಳಗ. ಆರು-ಏಳು ಬಂತಂದ್ರ ಮನಿಯವರು ಬಿಡಂಗಿಲ್ಲ. ನಂದೇ ನೆನಪದ, ನೀವು ಕರೀತಿದ್ರಿ, ನಮ್ಮಪ್ಪ ಬ್ಯಾಡಂತಿದ್ದ.

ಮಾಸ್ತರ: ಯಾಕ ಬ್ಯಾಡ ಅಂತಿದ್ದ, ಕೇಳಿದ್ಯಾ?

ಆಕೆ: ಕೇಳೋ ಧೈರ್ಯ ಎಲ್ಲಿತ್ತು? ಈಗ ತಾಯಂದಿರನ್ನ ಕೇಳೀನಿ. ಮೂರು ಮಾತು ಹೇಳ್ತಾರ. ಮೈದಾನದ ಹತ್ರ ಸಂಡಾಸ ಇಲ್ಲ. ಚಡ್ಡಿ ಹಾಕೋದು ಬ್ಯಾಡ. ಕಟ್ಟಿ ಮ್ಯಾಲ ದೊಡ್ಡ ಹುಡುಗರು ಕೂತಿರ್ತಾರ. ಮೂರಕ್ಕೂ ದಾರಿ ಅದ. ಶಾಲಿ ಬೀಗದ ಕೈ ನನ್ನ ಹತ್ರೇ ಇರ್ತದ, ಸಂಡಾಸ ತೆರಿಯೋದು ನಾನೇ. ಟ್ರ್ಯಾಕ್ ಪ್ಯಾಂಟ್ ಹಾಕ್ಲಿ, ಚೂಡಿದಾರ್ ಪ್ಯಾಂಟಾದ್ರೂ ಹಾಕ್ಲಿ. ತಲಿಗೆ ಸ್ಕಾರ್ಫ್ ಕಟ್ಟೋರು ಕಟ್ಲಿ. ಫಿಫಾದವರೇ 2014ರಾಗ ಒಪ್ಪ್ಯಾರ, ನಾ ಯಾರು ಬ್ಯಾಡನ್ನಾಕಿ? ಕಟ್ಟಿ ಮ್ಯಾಲಿನವರಿಗೆ ಕೆಲಸ ಹಚ್ಚತೀನಿ, ಸುಣ್ಣದ ಗೆರಿ ಹಾಕೋದು, ನೀರು ತುಂಬೋದು. ಕೆಲಸ ಅಂದ ಕೂಡ್ಲೇ ಕಟ್ಟಿ ಖಾಲಿ ಆಗ್ತದ ನೋಡ್ರಿ.

ಮಾಸ್ತರ: ಇದರಾಗ ನಾ ಕಲಸೋದು ಏನೂ ಇಲ್ಲ. ಹನ್ನೆರಡರ ತನಕ ಕೂಡೇ ಆಡಿಸು. ಆಮ್ಯಾಲ ಅವರನ್ನೇ ಕೇಳು, ಕೂಡೇ ಆಡ್ತೀರೋ, ಬ್ಯಾರೆ ಆಡ್ತೀರೋ ಅಂತ.

ಆಕೆ: ಅನುಭವ ಮಂಟಪದ ಊರಿನಾಗ ಹೆಣ್ಣು ಗಂಡು ಕೂಡೇ ಆಡಿದ್ರ ಏನಾತು ಅಂತ ಉದ್ಘಾಟನಾದಾಗ ಒಂದು ಮಾತು ಹೇಳೇನು?

ಮಾಸ್ತರ: ಬ್ಯಾಡ. ಅದು ಭಾಷಣದವರ ಪಾಲಿನದು, ಅವರಿಗೇ ಇರ್ಲಿ. ಉದ್ಘಾಟನಾ ಅಂತ ಸುರು ಮಾಡಿದ್ರ ಅತಿಥಿಗಳು ಬರೋ ಹೊತ್ತಿಗೆ ಬಿಸಿಲೇರಿ ಮಕ್ಕಳು ಮನಿಗೆ ಹೋಗಿರ್ತಾರ. ನೀ ಎಷ್ಟಕ್ಕ ಇಟ್ಟೀದಿ?

ಆಕೆ: ಏಳಕ್ಕ.

ಮಾಸ್ತರ: ಮೇ ತಿಂಗಳಾಗ? ಎಂಟಕ್ಕ ನೆಲ ಕಾಯ್ತದ. ಆರಕ್ಕ ಸುರು ಮಾಡು, ಏಳೂವರಿಗೆ ಬಿಡು. ಸಣ್ಣವರನ್ನ ಆರೂವರಿಗೇ ಕಳಿಸು. ಮದರಸಾಕ್ಕ ಹೋಗೋ ಮಕ್ಕಳಿಗೂ ಹೊತ್ತು ಹೊಂದ್ತದ. ಮಣ್ಣಿನ ಕೊಡದಾಗ ನೀರು, ಇಪ್ಪತ್ತು ನಿಮಿಷಕ್ಕೊಮ್ಮಿ ಕುಡಿಸಲೇಬೇಕು. ಬಾಯಾರಿದ್ರ ಬರ್ತಾರ ಅಂತ ಬಿಡಬ್ಯಾಡ. ಆಟದಾಗ ಮಕ್ಕಳಿಗೆ ಬಾಯಾರಿಕಿ ಗೊತ್ತಾಗಂಗಿಲ್ಲ. ಮತ್ತ ನೆಗ್ಗಿಲ ಮುಳ್ಳು. ದಿನಾ ಆಟದ ಮೊದಲ ಎಲ್ಲಾ ಮಕ್ಕಳನ್ನ ಒಂದು ಸಾಲಿನಾಗ ನಿಲ್ಲಿಸಿ, ಈ ಅಂಚಿನಿಂದ ಆ ಅಂಚಿಗೆ ಮುಳ್ಳು ಹೆಕ್ಕಿಸ್ಕೊಂತ ನಡಸು. ಬ್ಲಾಡರಿನ ಬಾಲ್ ತರಬ್ಯಾಡ, ವಾರದಾಗ ನಾಕು ಸಲ ಪಂಕ್ಚರ್. ಪೂರಾ ರಬ್ಬರಿಂದು ತಗೋ, ಹುಲ್ಲಿಲ್ಲದ ನೆಲಕ್ಕ ಅದೇ ತಾಳ್ತದ. ಗಾಳಿ ಒಂಚೂರು ಕಡಿಮಿ ಹಾಕು, ಪುಟ ಕಡಿಮಿ ಆಗ್ತದ, ಸಣ್ಣ ಕಾಲಿಗೆ ನಿಲ್ತದ.

ಆಕೆ: ಮೈದಾನ ಸಿಕ್ಕರ ಆತಲ್ಲ. ತೇರಿನ ಕಾಲಕ್ಕ ತೇರು, ಎಲೆಕ್ಷನ್ ಬಂದ್ರ ಪೆಂಡಾಲು, ಮಂತ್ರಿ ಬಂದ್ರ ಹೆಲಿಪ್ಯಾಡು. ಒಮ್ಮಿ ಹೆಲಿಪ್ಯಾಡ್ ಅಂತ ಹಾಕಿದ ಜಲ್ಲಿ ತಗದೇ ಇಲ್ಲ, ಮಕ್ಕಳ ಮಂಡಿಯೆಲ್ಲ ಕೆತ್ತಿ ಹೋದ್ವು. ಶಿಕ್ಷಣ ಹಕ್ಕು ಕಾಯಿದಿದಾಗ ಶಾಲಿಗೆ ಆಟದ ಮೈದಾನ ಇರಬೇಕು ಅಂತ 2009ರಾಗೇ ಬರದಾರ.

ಮಾಸ್ತರ: ಬರದಾರ. ಅದಕ್ಕೇ ನಿನಗ ಸಣ್ಣ ಮಡಿ ಅಂದೆ. ದೊಡ್ಡ ಮೈದಾನ ಕಸಕೊಂಡ್ರೂ ಶಾಲಿ ಅಂಗಳದಾಗ ಎರಡು ಮಡಿ ಕೂಡ್ತಾವ. ನಾಕ್ನಾಕು ಮಂದಿ ಆಟಕ್ಕ ಜಾಗಾ ಕೇಳ್ಕೊಂಡು ಯಾರ ಮನಿ ಬಾಗಿಲಿಗೂ ಹೋಗೋದಿಲ್ಲ.

ಆಕೆ: ಇನ್ನೊಂದು ಅದರ್ರಿ. ನಮ್ಮ ತಾಂಡಾದ ಮಕ್ಕಳು. ತಂದಿ-ತಾಯಿ ಪುಣಾ, ಮುಂಬೈಗೆ ದುಡಿಲಿಕ್ಕ ಹೋಗ್ತಾರ, ಮಕ್ಕಳನ್ನ ಕರಕೊಂಡು ಹೋಗ್ತಾರ. ಇವತ್ತು ಬಂದವ ನಾಳಿ ಇರಂಗಿಲ್ಲ; ಹೋದವ ಹದಿನೈದು ದಿನ ಬಿಟ್ಟು ಬರ್ತಾನ. ಟೀಮ್ ಮಾಡಿ, ಬಣ್ಣದ ಬನೀನ್ ಹಂಚಿ, ಲೀಗ್ ಇಟ್ಟೆ ಅಂದ್ರ ಅರ್ಧಕ್ಕ ನಿಲ್ತದ.

ಮಾಸ್ತರ: ಟೀಮೇ ಮಾಡಬ್ಯಾಡ. ದಿನಾ ಮುಂಜಾನಿ ಬಂದವರನ್ನ ನಿಲ್ಲಿಸಿ ಹೊಸದಾಗಿ ಹಂಚು. ಇವತ್ತು ನಿನ್ನ ಎದುರು ಆಡಿದವ ನಾಳಿ ನಿನ್ನ ಕೂಡ ಆಡ್ತಾನ. ಬಂದವನಿಗೆ ಜಾಗಾ, ಬರದವನಿಗೆ ದಂಡ ಇಲ್ಲ. ಎಯ್ಸೊದವರು ವರ್ಷಕ್ಕೊಮ್ಮಿ ಹಂಚಿದ್ರ ನೀ ದಿನಾ ಹಂಚಾಕಿ. ಪಟ್ಟಿ ಬರಿಯಂಗಿಲ್ಲ ಅಂತ ನಾ ಹೇಳಿದ್ದು ಇದಕ್ಕೂ ಹೊಂದ್ತದ ನೋಡು, ದಿನಾ ಬದಲಾಗೋ ಟೀಮಿಗೆ ಪಟ್ಟಿ ಎಲ್ಲಿಂದ ಬರಬೇಕು?

ಆಕೆ: ಆದ್ರ ದೊಡ್ಡವರಿದ್ದಾರಲ್ಲ, ಎಂಟು-ಒಂಬತ್ತನೇ ಕ್ಲಾಸಿನವರು, ಅವರಿಗೆ ಖರೇ ಮ್ಯಾಚ್ ಬೇಕ್ರಿ. ಬರೇ ಮಡಿದಾಗ ಆಡಿಸಿದ್ರ ಓಡಿಹೋಗ್ತಾರ. ನೀವೇ ಹೇಳಿದ್ರಲ್ಲ, ವಯಸ್ಸಿಗೆ ತಕ್ಕಂಗ ಅಂತ. ಹದಿನಾಕು ವರ್ಷದವನಿಗೆ ಸೋಲು-ಗೆಲುವು ಇಲ್ಲದ ಆಟ ಕೊಡೋದು ಬಿ ಆ ವಯಸ್ಸಿಗೆ ತಕ್ಕದ್ದಲ್ಲ.

ಮಾಸ್ತರ: ಖರೇ. ಅವರಿಗೆ ಮ್ಯಾಚ್ ಇಡು, ಸ್ಕೋರ್ ಬರಿ, ಸೋತ್ರ ಅಳ್ಲಿ. 2023ರಾಗ ಕರ್ನಾಟಕ ರಿಯಾದ್‌ನಾಗ ಮೇಘಾಲಯಕ್ಕ 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ತಂತಲ್ಲ, 54 ವರ್ಷದ ಮ್ಯಾಲ, ಆ ಮ್ಯಾಚ್ ಮೊಬೈಲಿನಾಗ ತೋರಿಸು, ಹುರುಪಾಗ್ತಾರ. ನೋಡಿ ಹುರುಪು ಬರೋದು ಆ ವಯಸ್ಸಿಗೆ. ಅಲ್ಲೂ ಒಂದೇ ಕರಾರು, ಬೆಂಚ್ ಮ್ಯಾಲ ಕೂತವನೂ ಅರ್ಧಾ ಹೊತ್ತು ಇಳೀಬೇಕು.

ಆಕೆ: ಹಂಗಾದ್ರ ರವಿವಾರ ನಿಮ್ಮ ಹುಮನಾಬಾದಿನ ಹುಡುಗರು, ನಮ್ಮ ಕಲ್ಯಾಣದ ಹುಡುಗರು. ರಾಜೇಶ್ವರದಾಗ ಆಡಿಸೋಣ, ಇಬ್ಬರಿಗೂ ಅರ್ಧಾ ದಾರಿ. ಹೆದ್ದಾರಿ ಮ್ಯಾಲೇ ಅದ, ಬಸ್ಸೂ ನಿಲ್ತದ. ಸಣ್ಣವರನ್ನೂ ಕರಕೊಂಡು ಹೋಗೋಣೇನು?

ಮಾಸ್ತರ: ಸಣ್ಣವರನ್ನ ಬಸ್ಸಿನಾಗ ಹಾಕಿ ಮ್ಯಾಚಿಗೆ ಒಯ್ಯೋದು ಬ್ಯಾಡ. ಅವರ ಆಟ ಅವರ ಓಣ್ಯಾಗ. ಹತ್ತರ ಮ್ಯಾಲಿನವರು ಬರ್ಲಿ. ಕಲ್ಯಾಣದವರು, ಹುಮನಾಬಾದಿನವರು ಅಂತ ನಿಲ್ಲಿಸಬ್ಯಾಡ, ಬಸ್ಸಿಳಿದ ಕೂಡ್ಲೇ ಕಲಸಿ ಹಂಚೋಣ. ಇಲ್ಲಾಂದ್ರ ಮಕ್ಕಳಕಿಂತ ಮೊದಲ ಇಬ್ಬರ ಅಪ್ಪಂದಿರು ಬಡಿದಾಡ್ತಾರ.

ಆಕೆ: ಸೀಟಿ ನೀವು ತರ್ತೀರೇನು?

ಮಾಸ್ತರ: ದೊಡ್ಡವರಿಗೆ ತರ್ತೀನಿ. ಸಣ್ಣವರಿಗೆ ಸೀಟಿ ಊದಿದ್ರ ಆಟ ಬಿಟ್ಟು ನನ್ನೇ ನೋಡ್ಕೊಂತ ನಿಲ್ತಾವ. ಮೂರನೇ ನಂಬರಿನ ಬಾಲ್ ಎಷ್ಟು ಬೇಕು, ಬರಕೊಡು. ಹೈದ್ರಾಬಾದಿಗೆ ಹೋಗೋರ ಕೈಯಾಗ ತರಸ್ತೀನಿ.

ಆಕೆ: ಇಟ್ಟಂಗಿ, ಸುಣ್ಣ, ಕೊಡ ನಂದು. ಇನ್ನ ಮುಂಜಾನಿ ಆರಕ್ಕೇ ಬಂದು ಸ್ಟಂಪ್ ಹುಗಿದು ನಿಲ್ಲೋ ಕ್ರಿಕೆಟ್ ಹುಡುಗರಿದ್ದಾರ, ಅವರಿಗೆ ಯಾರು ಹೇಳ್ತಾರ?

ಮಾಸ್ತರ: ಅದು ನಿನ್ನ ಊರು, ನಿನ್ನ ವಿದ್ಯಾರ್ಥಿಗಳು. ಐದೂವರಿಗೆ ಹೋಗಿ ಮಡಿ ಹಾಕಿಬಿಡು.